ಕುಂತು ಮಾಡುವುದೂ ದುಡಿಮೆಯೇ

“ನೆರಳಾಗ ಕುಂತು ಓದೂದಕ್ಕ ಏನ್ ತ್ರಾಸ ಬಂತೋ ನಿನಗ?” ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಿಂದ ಹೋಗಿ ಪಿಎಚ್‌.ಡಿ. ಮಾಡುತ್ತಿರುವ ಹುಡುಗ ಹುಡುಗಿಯರನ್ನು ಕೇಳಿ ನೋಡಿ, ಈ ಪ್ರಶ್ನೆ ಅವರ ಕಿವಿಗೆ ಹೊಸದಲ್ಲ. ಕುತ್ತಿಗೆ ಹಿಡಿದಿದೆ ಎಂದರೆ ಈ ಪ್ರಶ್ನೆ, ಸೊಂಟ ಸೆಳೆಯುತ್ತಿದೆ ಎಂದರೆ ಈ ಪ್ರಶ್ನೆ, ಬಲಗೈ ಬೆರಳಿಗೆ ಜೋಮು ಹಿಡಿಯುತ್ತದೆ ಎಂದರೂ ಇದೇ. ವಿಶ್ವವಿದ್ಯಾಲಯಕ್ಕೆ ಹೋದರೆ ಅದೇ ಮಾತು ಸ್ವಲ್ಪ ಶಿಷ್ಟ ಭಾಷೆಯಲ್ಲಿ ಬರುತ್ತದೆ: “ನಾವೂ ಥೀಸಿಸ್ ಬರೆದವರೇ ಅಲ್ಲವೇ, ನಮಗೇನಾಯಿತು?” ಕುಳಿತು ಮಾಡುವುದು ದುಡಿಮೆಯಲ್ಲ, ಅದರಿಂದ ನೋವು ಬರಬಾರದು, ಬಂದರೆ ತಪ್ಪು ಆ ವಿದ್ಯಾರ್ಥಿಯದು, ಒಂದೋ ಅವನು ಮೈಗಳ್ಳ, ಇಲ್ಲವೇ ಅವನಿಗೆ ಸರಿಯಾಗಿ ಕೂರಲು ಬರುವುದಿಲ್ಲ. ನಮ್ಮ ಪಡಸಾಲೆಗಳಿಂದ ಹಿಡಿದು ವಿಭಾಗ ಮುಖ್ಯಸ್ಥರ ಕೋಣೆಯವರೆಗೆ ಈ ನಂಬಿಕೆ ಬೇರುಬಿಟ್ಟಿದೆ. ಇದು ಸುಳ್ಳು ನಂಬಿಕೆ. ನಮ್ಮ ಸೀಮೆಯಲ್ಲಿ ಮೊದಲ ಬಾರಿಗೆ ಉನ್ನತ ವ್ಯಾಸಂಗಕ್ಕೆ ಹೊರಟ ಮನೆಗಳ ಮಕ್ಕಳ ಮೈ ಇದರಿಂದ ಕೆಡುತ್ತಿದೆ. ಅದಕ್ಕೇ ಇದನ್ನು ಬಿಡಿಬಿಡಿಯಾಗಿ ಎತ್ತಿಕೊಂಡು ಖಂಡಿಸಬೇಕಾಗಿದೆ.

ನಮ್ಮ ಸೀಮೆಯ ಯಡೂರಿನಂಥ ಊರಿನಲ್ಲಿ ಈ ಮಾತಿಗೆ ಇಷ್ಟು ಬಲ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತು. ಕೃಷ್ಣೆಯ ದಂಡೆ, ವೀರಭದ್ರ ದೇವರ ಗುಡಿ, ಕಣ್ಣು ಹಾಯುವಷ್ಟು ದೂರ ಕಬ್ಬು. ಕಾರ್ಖಾನೆಗಳ ಹಂಗಾಮು ಶುರುವಾಯಿತೆಂದರೆ ನಸುಕಿನಲ್ಲೇ ಕಬ್ಬು ಕಡಿಯುವ ಗ್ಯಾಂಗು ಹೊಲಕ್ಕೆ ಇಳಿಯುತ್ತದೆ. ಹೆಣ್ಣುಮಕ್ಕಳು ತಲೆಯ ಮೇಲೆ ಹೊರೆ ಹೊತ್ತು, ಹಲಗೆ ಹತ್ತಿ, ಟ್ರೇಲರಿಗೆ ಒಟ್ಟುತ್ತಾರೆ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಕಲ್ಲೋಳ-ಯಡೂರು ಸೇತುವೆ ಮುಳುಗಿದ ಮೇಲೆ ಮನೆಗಳಲ್ಲಿ ನಿಂತ ಕೆಸರನ್ನು ಬಾಚಿ ಹೊರಹಾಕಿದ್ದೂ ಇದೇ ಬೆನ್ನುಗಳು. ಇಂಥ ದುಡಿಮೆಯನ್ನು ದಿನವೂ ನೋಡುವ ತಂದೆತಾಯಿಗೆ, ಫ್ಯಾನಿನ ಕೆಳಗೆ ಲ್ಯಾಪ್‌ಟಾಪ್ ಹಿಡಿದು ಕುಳಿತ ಮಗ “ಬೆನ್ನು ನೋವು” ಎಂದರೆ ನಂಬಲು ಆಗುವುದಿಲ್ಲ. ಮಗನಿಗೂ ನಾಚಿಕೆ. ಅವನು ಬಾಯಿ ಮುಚ್ಚಿಕೊಂಡು ನೋವಿನ ಮುಲಾಮು ಹಚ್ಚಿಕೊಂಡು ಮತ್ತೆ ಕೂರುತ್ತಾನೆ. ಈ ನಾಚಿಕೆಯೇ ನನ್ನನ್ನು ಹೆಚ್ಚು ಕಾಡುವುದು. ನೋವನ್ನು ಹೇಳಿಕೊಳ್ಳುವುದಕ್ಕೂ ಅರ್ಹತೆ ಬೇಕು ಎಂದು ಈ ಮಕ್ಕಳು ನಂಬಿಬಿಟ್ಟಿದ್ದಾರೆ.

ಕಬ್ಬು ಕಡಿಯುವವರ ದುಡಿಮೆ ಘೋರವಾದದ್ದು, ಅದಕ್ಕೆ ಸಿಗಬೇಕಾದ ಕೂಲಿಯೂ ರಕ್ಷಣೆಯೂ ಸಿಕ್ಕಿಲ್ಲ. ಅದನ್ನು ಹೇಳುವುದಕ್ಕೆ ವಿದ್ಯಾರ್ಥಿಯ ನೋವನ್ನು ಅಲ್ಲಗಳೆಯಬೇಕಿಲ್ಲ. ಎರಡೂ ಬೇರೆ ಬೇರೆ ಬಗೆಯಲ್ಲಿ ಮೈಯನ್ನು ಸವೆಸುತ್ತವೆ. ಹೊಲದಲ್ಲಿ ದುಡಿಯುವವರ ಸ್ನಾಯುಗಳು ಬಿಗಿಯುತ್ತವೆ, ಸಡಿಲುತ್ತವೆ. ಬಗ್ಗುತ್ತಾರೆ, ಏಳುತ್ತಾರೆ, ನಾಲ್ಕು ಹೆಜ್ಜೆ ನಡೆಯುತ್ತಾರೆ. ಪ್ರತಿ ಸಡಿಲಿಕೆಯಲ್ಲೂ ಸ್ನಾಯುವಿಗೆ ಹೊಸ ರಕ್ತ ನುಗ್ಗುತ್ತದೆ. ಪರದೆಯ ಮುಂದೆ ಕುಳಿತವರ ಕುತ್ತಿಗೆ ಮತ್ತು ಹೆಗಲಿನ ಸ್ನಾಯುಗಳಿಗೆ ಈ ಬಿಡುವು ಇಲ್ಲ. ಹತ್ತಿರ ಹತ್ತಿರ ಐದು ಕಿಲೋ ತೂಗುವ ತಲೆಯನ್ನು ಮುಂದಕ್ಕೆ ಬಾಗಿದ ಸ್ಥಿತಿಯಲ್ಲಿ ಗಂಟೆಗಟ್ಟಲೆ ಹಿಡಿದು ನಿಲ್ಲಿಸಬೇಕು. ಬಿಗಿದ ಸ್ನಾಯು ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ಒತ್ತುತ್ತದೆ, ಬರಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ, ಹೋಗಬೇಕಾದ ಕಸ ಅಲ್ಲೇ ಉಳಿಯುತ್ತದೆ. ಉರಿ, ಸೆಳೆತ, ಗಂಟುಕಟ್ಟಿದಂಥ ನೋವು ಹುಟ್ಟುವುದು ಹೀಗೆ. ವೈದ್ಯರು ಇದನ್ನು ಸ್ಥಿರ ಭಾರ ಎನ್ನುತ್ತಾರೆ. ನೀರು ತುಂಬಿದ ಕೊಡ ಹೊತ್ತು ಅರ್ಧ ಮೈಲಿ ನಡೆಯುವವರು ಅದೇ ಕೊಡವನ್ನು ಚಾಚಿದ ಕೈಯಲ್ಲಿ ಹತ್ತು ನಿಮಿಷ ಅಲುಗಾಡದೆ ಹಿಡಿಯಲಾರರು. ಅಲುಗಾಡದಿರುವುದೇ ಇಲ್ಲಿನ ಕಷ್ಟ.

“ಹಿಂದಿನವರು ಈ ಗೋಳೆಲ್ಲ ಇಲ್ಲದೆ ಬರೆಯಲಿಲ್ಲವೇ?” ಎಂಬುದು ಇನ್ನೊಂದು ವಾದ. ಬರೆದರು, ನಿಜ. ನೋವಿಲ್ಲದೆ ಬರೆದರು ಎಂದು ಹೇಳಿದವರು ಯಾರು? ಹಳೆಯ ಸಂಸ್ಕೃತ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆದಿಟ್ಟ ಒಂದು ಶ್ಲೋಕ ದೇಶದ ತುಂಬ ಸಿಗುತ್ತದೆ. ಬೆನ್ನು, ಸೊಂಟ, ಕುತ್ತಿಗೆ ಮುರಿದವು, ದೃಷ್ಟಿ ಕಟ್ಟಿಹೋಯಿತು, ಮುಖ ಕೆಳಗೆ ಮಾಡಿಕೊಂಡು ಕಷ್ಟಪಟ್ಟು ಬರೆದದ್ದು ಇದು, ಜೋಪಾನ ಮಾಡಿ ಎಂದು ಓದುಗನನ್ನು ಬೇಡಿಕೊಳ್ಳುವ ಶ್ಲೋಕ. ಒಬ್ಬನ ಅಳಲಾಗಿದ್ದರೆ ಅದು ಪ್ರತಿಯಿಂದ ಪ್ರತಿಗೆ ಶತಮಾನಗಳ ಕಾಲ ಹೀಗೆ ಸಾಗಿ ಬರುತ್ತಿರಲಿಲ್ಲ. ಅದೊಂದು ಇಡೀ ವೃತ್ತಿಯ ಸಾಕ್ಷ್ಯ. ನಮ್ಮ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಹತ್ತನೆಯ ಶತಮಾನದ ಆ ಮಹಾತಾಯಿಯನ್ನು ನಾವು ದಾನಚಿಂತಾಮಣಿ ಎಂದು ನೆನೆಯುತ್ತೇವೆ, ನೆನೆಯಲೇಬೇಕು. ಆ ಸಾವಿರ ಓಲೆಗಟ್ಟುಗಳ ಮೇಲೆ ಬರೆಯುವ ಕಂಠ ಹಿಡಿದು ಬಗ್ಗಿದವರ ಹೆಸರು ಯಾರಿಗೂ ಗೊತ್ತಿಲ್ಲ. ಹೆಸರು ಉಳಿಯಲಿಲ್ಲ ಎಂದ ಮಾತ್ರಕ್ಕೆ ಅವರ ಕುತ್ತಿಗೆ ನೋಯಲಿಲ್ಲ ಎಂದು ಹೇಳಲಾದೀತೇ?

ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಾಜ್ಜಿನಿ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಪುಸ್ತಕ ಬರೆದ. ಗಣಿಯವರು, ಕುಂಬಾರರು, ಚಮ್ಮಾರರ ಜೊತೆಗೆ ವಿದ್ವಾಂಸರ ರೋಗಗಳಿಗೂ ಅದರಲ್ಲಿ ಜಾಗ ಕೊಟ್ಟ. 1713ರ ಆವೃತ್ತಿಗೆ ಕರಣಿಕರ ಅಧ್ಯಾಯವನ್ನು ಸೇರಿಸಿ ಮೂರು ಕಾರಣ ಹೇಳಿದ: ಬಿಡದೆ ಕುಳಿತಿರುವುದು, ಕೈಯನ್ನು ಒಂದೇ ಬಗೆಯಲ್ಲಿ ಎಡೆಬಿಡದೆ ಆಡಿಸುವುದು, ತಪ್ಪಾಗಬಾರದೆಂಬ ಮನಸ್ಸಿನ ಒತ್ತಡ. ಇಂದು ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದಲ್ಲಾಗಲಿ, ಧಾರವಾಡದಲ್ಲಾಗಲಿ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಾಗಲಿ ಅಧ್ಯಾಯ ತಿದ್ದುತ್ತಿರುವ ವಿದ್ಯಾರ್ಥಿಗೆ ಈ ಮೂರಕ್ಕಿಂತ ಬೇರೆ ಕಾರಣ ಬೇಕೇ? ಮುನ್ನೂರು ವರ್ಷಗಳ ಹಿಂದೆಯೇ ಒಬ್ಬ ವೈದ್ಯ ಕಂಡು ಬರೆದಿಟ್ಟದ್ದನ್ನು ನಾವು ಇನ್ನೂ ಹೊಸ ಕಾಲದ ಹುಡುಗರ ನಾಜೂಕು ಎನ್ನುತ್ತಿದ್ದೇವೆ.

ಅಷ್ಟು ದೂರ ಹೋಗುವುದೇ ಬೇಡ, ನಿಪ್ಪಾಣಿಗೆ ಹೋಗೋಣ. ತೊಡೆಯ ಮೇಲೆ ಮೊರ ಇಟ್ಟುಕೊಂಡು, ಕುತ್ತಿಗೆ ಬಗ್ಗಿಸಿ, ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟುವ ಬೀಡಿ ಕಾರ್ಮಿಕ ಹೆಣ್ಣುಮಕ್ಕಳೂ ನೆರಳಿನಲ್ಲಿ ಕುಳಿತೇ ದುಡಿಯುತ್ತಾರೆ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಕುಶಲಕರ್ಮಿಗಳು, 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು ತಲೆಮಾರುಗಳಿಂದ ಮಾಡಿದವರು, ಅವರೂ ನೆಲಕ್ಕೆ ಕುಳಿತು ಚರ್ಮಕ್ಕೆ ಬಗ್ಗಿದವರೇ. “ಕುಂತು ಮಾಡೂ ಕೆಲಸ” ಎಂದು ಅವರ ದುಡಿಮೆಯನ್ನು ಹಗುರ ಮಾಡಿದ ನಾಲಗೆಯೇ ಈಗ ವಿದ್ಯಾರ್ಥಿಯ ಮೇಲೆ ತಿರುಗಿದೆ. ಆದರೆ ನಿಪ್ಪಾಣಿಯ ಹೆಣ್ಣುಮಕ್ಕಳು ಆ ಮಾತನ್ನು ಕೇಳಿಕೊಂಡು ಸುಮ್ಮನಿರಲಿಲ್ಲ. ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಸಂಘ ಕಟ್ಟಿದರು, ಮುಷ್ಕರ ಹೂಡಿದರು. ಯುಗಾಂತರ ಎಂಬ ಸ್ತ್ರೀವಾದಿ ಚಿತ್ರತಂಡ 1982ರಲ್ಲಿ ಅವರ ಹೋರಾಟವನ್ನೇ ಚಿತ್ರವಾಗಿ ತೆಗೆಯಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ದುಡಿಯುವ ಜಾಗದ ಸ್ವಚ್ಛತೆ, ಗಾಳಿ, ಇಕ್ಕಟ್ಟು, ಕುಡಿಯುವ ನೀರು, ಶೌಚಾಲಯ, ಕೂಸಿನ ಮನೆಯ ಬಗ್ಗೆ ಮಾಲೀಕನ ಮೇಲೆ ಹೊಣೆ ಹೊರಿಸಿತ್ತು. 1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಮು ನಿಂತು ದುಡಿಯುವ ಕಾರ್ಮಿಕರಿಗೆ ಕೂರುವ ವ್ಯವಸ್ಥೆ ಇರಬೇಕೆಂದು ಹೇಳಿತ್ತು. ಕಾಯ್ದೆ ಎಷ್ಟು ಜಾರಿಯಾಯಿತು ಎಂಬುದು ಬೇರೆ ಜಗಳ. ದುಡಿಮೆಯಿಂದ ಬರುವ ನೋವಿಗೆ ದುಡಿಯುವ ಜಾಗವೂ ಹೊಣೆ ಎಂಬ ತತ್ವವನ್ನಾದರೂ ಅವು ಒಪ್ಪಿದ್ದವು. ಸಂಶೋಧನಾ ವಿದ್ಯಾರ್ಥಿಯ ವಿಷಯದಲ್ಲಿ ನಮ್ಮ ವಿಶ್ವವಿದ್ಯಾಲಯಗಳು ಇನ್ನೂ ಅಷ್ಟನ್ನೂ ಒಪ್ಪಿಲ್ಲ. ಅವನು ಕಾರ್ಮಿಕನಲ್ಲ, ಹಾಗಾಗಿ ಕಾರ್ಮಿಕ ಕಾನೂನು ಅವನದಲ್ಲ. ಅವನು ನೌಕರನಲ್ಲ, ಹಾಗಾಗಿ ನೌಕರನ ಕುರ್ಚಿ ಅವನದಲ್ಲ.

ಇನ್ನು ಈ ನಂಬಿಕೆಯ ಎರಡನೆಯ ರೂಪಕ್ಕೆ ಬರುತ್ತೇನೆ. ಇದು ಮೊದಲನೆಯದಕ್ಕಿಂತ ವಿದ್ಯಾವಂತ ರೂಪ, ಹಾಗಾಗಿ ಹೆಚ್ಚು ಅಪಾಯಕಾರಿ. “ನೋವು ನಿಜ ಇರಬಹುದು, ಆದರೆ ನೀನು ನೆಟ್ಟಗೆ ಕೂರುವುದಿಲ್ಲ, ಅದಕ್ಕೇ ಬಂದಿದೆ” ಎಂಬುದು. ಬೆನ್ನು ನೇರ, ಮೊಣಕಾಲು 90 ಡಿಗ್ರಿ, ಸೊಂಟ 90 ಡಿಗ್ರಿ, ಮೊಣಕೈ 90 ಡಿಗ್ರಿ ಇರುವ ಚಿತ್ರವೊಂದು ಎಲ್ಲ ಫೋನುಗಳಲ್ಲೂ ಓಡಾಡುತ್ತದೆ. ಈ ಲಂಬಕೋನದ ಭಂಗಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಡೆನ್ಮಾರ್ಕಿನ ಶಸ್ತ್ರವೈದ್ಯ ಎ. ಸಿ. ಮಂದಾಲ್ 1970ರ ದಶಕದಿಂದಲೇ ಶಾಲೆಯ ಬೆಂಚುಗಳನ್ನು ಅಳೆದು, ಮಕ್ಕಳು ಕೂರುವುದನ್ನು ನೋಡಿ ವಾದಿಸುತ್ತ ಬಂದರು. 2006ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 22 ಜನರನ್ನು ಬೇರೆ ಬೇರೆ ಭಂಗಿಗಳಲ್ಲಿ ಕೂರಿಸಿ ಎಂಆರ್‌ಐ ಮಾಡಿ ನೋಡಿದಾಗ, ಬೆನ್ನುಮೂಳೆಯ ಬಿಲ್ಲೆಗಳು ಕಡಿಮೆ ಸರಿದದ್ದು 90 ಡಿಗ್ರಿಯಲ್ಲಿ ಅಲ್ಲ, ಸೊಂಟದ ಕೋನ ಸುಮಾರು 135 ಡಿಗ್ರಿ ಆಗುವಂತೆ ಹಿಂದಕ್ಕೆ ಒರಗಿದಾಗ. ಹಾಗೆಂದು ಎಲ್ಲರೂ 135 ಡಿಗ್ರಿಗೆ ಒರಗಿಕೊಳ್ಳಬೇಕು ಎಂದು ಅರ್ಥವಲ್ಲ. 22 ಜನರ ಮೇಲೆ ಅಷ್ಟು ದೊಡ್ಡ ನಿಯಮ ಕಟ್ಟಲಾಗದು. ಎಲ್ಲ ಮೈಗೂ ಎಲ್ಲ ಹೊತ್ತಿಗೂ ಸರಿಹೋಗುವ ಒಂದು ಭಂಗಿ ಇಲ್ಲ ಎಂಬುದಷ್ಟೇ ಇಷ್ಟು ವರ್ಷಗಳ ಅಧ್ಯಯನ ಹೇಳುವ ಮಾತು. ಅತ್ಯುತ್ತಮ ಭಂಗಿಯಲ್ಲೂ ಎರಡು ತಾಸು ಅಲುಗದೆ ಕುಳಿತರೆ ಮೈ ನೋಯುತ್ತದೆ. ಗೂನು ಬೆನ್ನಿನಲ್ಲಿ ಐದು ನಿಮಿಷ ಕುಳಿತು, ಆಮೇಲೆ ಒರಗಿ, ಆಮೇಲೆ ಎದ್ದು ಹೋಗುವವನಿಗೆ ಅಷ್ಟು ನೋಯುವುದಿಲ್ಲ.

ತಲೆ ಬಗ್ಗಿಸಿ ಫೋನು ನೋಡಿದರೆ ಕುತ್ತಿಗೆಯ ಮೇಲೆ 27 ಕಿಲೋ ಭಾರ ಬೀಳುತ್ತದೆ ಎಂಬ ಇನ್ನೊಂದು ಅಂಕಿಯೂ ವಾಟ್ಸಾಪಿನಲ್ಲಿ ಸುತ್ತುತ್ತಿದೆ. ಅದು ನ್ಯೂಯಾರ್ಕಿನ ಒಬ್ಬ ಬೆನ್ನುಮೂಳೆ ತಜ್ಞರು 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದ್ದು. ಜೀವಂತ ಮನುಷ್ಯರ ಕುತ್ತಿಗೆಯಲ್ಲಿ ಅಳೆದದ್ದಲ್ಲ. ಇಂಥ ಅಂಕಿಗಳಿಂದ ಹುಡುಗರು ಹೆದರುತ್ತಾರೆ, ತಮ್ಮ ಬೆನ್ನು ಆಗಲೇ ಮುರಿದುಹೋಗಿದೆ ಎಂದುಕೊಳ್ಳುತ್ತಾರೆ. ಹೆದರಿಕೆಯಿಂದ ಮೈ ಇನ್ನಷ್ಟು ಬಿಗಿಯುತ್ತದೆ. ನೆಟ್ಟಗೆ ಕೂರು ಎಂಬ ಉಪದೇಶದಿಂದ ಲಾಭ ಪಡೆಯುವವರು ಯಾರು ಎಂದು ಕೇಳಿ ನೋಡಿ. ಮೇಜು ಕೊಡದ ಸಂಸ್ಥೆಗೆ ಲಾಭ, ಏಕೆಂದರೆ ತಪ್ಪು ವಿದ್ಯಾರ್ಥಿಯ ಬೆನ್ನಿನದಾಯಿತು. ದುಬಾರಿ ಕುರ್ಚಿ ಮಾರುವವರಿಗೂ ಲಾಭ.

ಕುರ್ಚಿಯ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಮೇಜಿನ ಎತ್ತರ 30 ಇಂಚು, ಅಂದರೆ 75 ಸೆಂಟಿಮೀಟರಿಗೆ ಹತ್ತಿರ. ಐದಡಿ ಎತ್ತರದ ಹೆಣ್ಣುಮಗಳು ಪಾದ ನೆಲಕ್ಕೂರುವಂತೆ ಕುಳಿತರೆ ಅವಳ ಮೊಣಕೈ ನೆಲದಿಂದ ಸುಮಾರು 60 ಸೆಂಟಿಮೀಟರಿನಲ್ಲಿರುತ್ತದೆ. ನಡುವೆ ಸುಮಾರು ಅರ್ಧ ಅಡಿ ಅಂತರ. ಆ ಅಂತರವನ್ನು ಅವಳು ಹೆಗಲೆತ್ತಿ ತುಂಬುತ್ತಾಳೆ. ದಿನಕ್ಕೆ ಆರು ತಾಸು ಹೆಗಲೆತ್ತಿ ಟೈಪ್ ಮಾಡಿದ ಮೇಲೆ ಕುತ್ತಿಗೆಯ ಬುಡದಲ್ಲಿ ಗಂಟು ಕಟ್ಟುವುದು ಅವಳ ನಡತೆಯ ದೋಷವೇ? ಕುರ್ಚಿ ಎತ್ತರಿಸಿಕೊಂಡರೆ ಪಾದ ಜೋತಾಡುತ್ತದೆ, ಕುರ್ಚಿಯ ಅಂಚು ತೊಡೆಯ ಹಿಂಬದಿಗೆ ಒತ್ತುತ್ತದೆ. ಕಾಲಡಿಗೆ ಒಂದು ಮಣೆ ಇಟ್ಟರೆ ಮುಗಿಯಿತು, ಆದರೆ ಹಾಗೆಂದು ಅವಳಿಗೆ ಯಾರೂ ಹೇಳಿಲ್ಲ. ಭಾರತೀಯರ ಮೈ ಅಳತೆಗಳನ್ನು ಸಂಗ್ರಹಿಸಿ ದೇಬ್‌ಕುಮಾರ್ ಚಕ್ರಬರ್ತಿಯವರು ಸಿದ್ಧಪಡಿಸಿದ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಪ್ರಕಟಿಸಿದೆ. ಅಳತೆಗಳಿವೆ. ಪೀಠೋಪಕರಣದ ಟೆಂಡರ್ ಕರೆಯುವಾಗ ಅವನ್ನು ತೆಗೆದು ನೋಡುವ ಮನಸ್ಸಿಲ್ಲ.

ಲ್ಯಾಪ್‌ಟಾಪಿನ ಕಥೆ ಇನ್ನೂ ಕೆಟ್ಟದ್ದು. ಪರದೆಯೂ ಕೀಲಿಮಣೆಯೂ ಅಂಟಿಕೊಂಡಿರುವ ಯಂತ್ರ ಅದು. ಕೈಗೆ ಸರಿಯಾದ ಎತ್ತರಕ್ಕೆ ಇಟ್ಟರೆ ಕಣ್ಣಿಗೆ ತಗ್ಗು, ಕಣ್ಣಿಗೆ ಸರಿಮಾಡಿದರೆ ಕೈಗೆ ಎತ್ತರ. ಊರಿಂದೂರಿಗೆ ಒಯ್ಯುವುದಕ್ಕೆ ಅದು ವರ, ಮುನ್ನೂರು ಪುಟದ ಪ್ರಬಂಧ ಬರೆಯುವುದಕ್ಕೆ ಅದೊಂದೇ ಸಾಲದು. ಕರ್ನಾಟಕ ಸರ್ಕಾರ ಸರ್ಕಾರಿ ಪದವಿ ಕಾಲೇಜುಗಳ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿತು, ಒಳ್ಳೆಯ ಕೆಲಸ. ಅದನ್ನು ಎಲ್ಲಿ ಇಟ್ಟು, ಹೇಗೆ ಕುಳಿತು ಬಳಸಬೇಕು ಎಂದು ಒಂದು ತಾಸಿನ ಪಾಠವನ್ನೂ ಸೇರಿಸಿದ್ದರೆ ಆ ಕೆಲಸ ಪೂರ್ತಿಯಾಗುತ್ತಿತ್ತು. ನಮ್ಮ ಮನೆಗಳಲ್ಲಿ ಅದು ಕಾಟಿನ ಮೇಲೆ, ತೊಡೆಯ ಮೇಲೆ, ನೆಲದ ಮೇಲೆ ಇರುತ್ತದೆ. ನೆಲಕ್ಕೆ ಕೂರುವುದು ತಪ್ಪಲ್ಲ. ಚಕ್ಕಳಮಕ್ಕಳ ಹಾಕಿ, ಕಾಲು ಬದಲಿಸಿ, ಗೋಡೆಗೆ ಒರಗಿ ಕೂರುವವರ ಮೈ ಕುರ್ಚಿಯಲ್ಲಿ ಕೂತವರಿಗಿಂತ ಹೆಚ್ಚು ಬಾರಿ ಅಲುಗುತ್ತದೆ. ಪರದೆ ಪಾದದ ಮಟ್ಟದಲ್ಲಿದ್ದು ಕತ್ತು ಬಾವಿಗೆ ಇಣುಕಿದಂತೆ ಬಾಗುವುದೇ ತಪ್ಪು.

ಕನ್ನಡದಲ್ಲಿ ಪ್ರಬಂಧ ಬರೆಯುವವರ ಮೇಲೆ ಇನ್ನೊಂದು ಹೊರೆಯಿದೆ, ಇದನ್ನು ಯಾವ ಇಂಗ್ಲಿಷ್ ಕೈಪಿಡಿಯೂ ಹೇಳುವುದಿಲ್ಲ. ಕೆ. ಪಿ. ರಾವ್ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆ ಜಾಣತನದ ರಚನೆ. ಲಕ್ಷಾಂತರ ಕನ್ನಡಿಗರಿಗೆ ಕಂಪ್ಯೂಟರಿನಲ್ಲಿ ಬರೆಯುವುದನ್ನು ಅದು ಸುಲಭ ಮಾಡಿದೆ. ಆದರೂ ಪ್ರತಿ ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ ಒತ್ತಬೇಕು, ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್ ಹಿಡಿಯಬೇಕು. ‘ಪ್ರಾಧ್ಯಾಪಕ’ ಎಂಬ ಒಂದು ಪದಕ್ಕೆ ಹತ್ತು ಕೀಲಿ, ಅದರಲ್ಲಿ ಎರಡು ಎಫ್, ಮೂರು ಬಾರಿ ಶಿಫ್ಟ್. ಸಂಶೋಧನಾ ಪ್ರಬಂಧದ ಭಾಷೆಯೆಲ್ಲ ಇಂಥ ಸಂಸ್ಕೃತ ಪದಗಳೇ. ಹಾಗಾಗಿ ಎಡಗೈಯ ತೋರುಬೆರಳು ಮತ್ತು ಕಿರುಬೆರಳುಗಳು ಇಂಗ್ಲಿಷ್ ಬರೆಯುವವರಿಗಿಂತ ಹೆಚ್ಚು ದುಡಿಯುತ್ತವೆ. ಮೇಲಿಂದ, ಹಳೆಯ ನುಡಿ ಅಕ್ಷರಗಳಲ್ಲಿದ್ದ ಕಡತವನ್ನು ಯುನಿಕೋಡಿಗೆ ಬದಲಿಸುವಾಗ ಒತ್ತುಗಳು ಕದಡಿ, ಇಡೀ ಅಧ್ಯಾಯವನ್ನು ಅಕ್ಷರ ಅಕ್ಷರ ತಿದ್ದುವ ಶಿಕ್ಷೆ ಬೇರೆ. ಕನ್ನಡ ವಿಭಾಗದ ವಿದ್ಯಾರ್ಥಿ ಬೆರಳು ನೋವು ಎಂದರೆ ಮಾರ್ಗದರ್ಶಕರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವ ಸೌಲಭ್ಯ ಈಗ ಕನ್ನಡಕ್ಕೂ ಬಂದಿದೆ. ಮೊದಲ ಕರಡನ್ನು ಓಡಾಡುತ್ತ ಹೇಳಿ ಬರೆಸಿಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಕುಮಾರವ್ಯಾಸನ ನಾಡಿನಲ್ಲಿ ಹೇಳುವುದೂ ಕಾವ್ಯರಚನೆಯೇ ಆಗಿತ್ತು.

ಕಣ್ಣಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಜಪಾನಿನ ಇಬ್ಬರು ವೈದ್ಯರು 1993ರಲ್ಲಿ ಪ್ರಕಟಿಸಿದ ಅಳತೆಯಂತೆ, ಆರಾಮಾಗಿರುವಾಗ ನಿಮಿಷಕ್ಕೆ 22 ಬಾರಿ ಮಿಟುಕುವ ರೆಪ್ಪೆ ಪುಸ್ತಕ ಓದುವಾಗ 10ಕ್ಕೆ ಇಳಿಯುತ್ತದೆ, ಪರದೆ ನೋಡುವಾಗ 7ಕ್ಕೆ. ಮಿಟುಕದ ಕಣ್ಣು ಒಣಗಿ ಉರಿಯುತ್ತದೆ. ಫ್ಯಾನು ನೇರವಾಗಿ ಮುಖಕ್ಕೆ ಬೀಸುತ್ತಿದ್ದರೆ ಇನ್ನೂ ಬೇಗ. ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಬೆಳಕು ಪರದೆಯಲ್ಲಿ ಹೊಳೆಯುತ್ತದೆ, ಕಿಟಕಿಗೆ ಮುಖ ಮಾಡಿದರೆ ಕಣ್ಣು ಕುಕ್ಕುತ್ತದೆ, ಕಿಟಕಿ ಪಕ್ಕಕ್ಕಿರಲಿ. ಆಗಾಗ ದೂರದ ಗಿಡವನ್ನೋ ಗುಡಿಯ ಗೋಪುರವನ್ನೋ ನೋಡುವುದು ಕಣ್ಣಿನೊಳಗಿನ ಸ್ನಾಯುವಿಗೆ ಬಿಡುವು.

“ಇದಕ್ಕೆಲ್ಲ ಯೋಗ ಮಾಡಿದರೆ ಸಾಕು” ಎಂದು ತಳ್ಳಿಹಾಕುವವರಿದ್ದಾರೆ. ಯೋಗ ಮಾಡಲಿ, ಒಳ್ಳೆಯದು. ಹೊಲಕ್ಕೆ ನಡೆದು ಹೋಗಲಿ, ಸೈಕಲ್ ತುಳಿಯಲಿ, ಕಬಡ್ಡಿ ಆಡಲಿ. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದ ಅಧ್ಯಯನದ ಪ್ರಕಾರ, ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಕೂರುವವರು ಒಂದು ತಾಸಿನಿಂದ ಒಂದೂಕಾಲು ತಾಸಿನಷ್ಟು ಚುರುಕಾಗಿ ಓಡಾಡಿದರೆ, ಅತಿಯಾಗಿ ಕೂರುವುದರಿಂದ ಹೆಚ್ಚುವ ಅಕಾಲ ಮರಣದ ಅಪಾಯ ಅಳಿಯುವ ಮಟ್ಟಕ್ಕೆ ಇಳಿಯುತ್ತದೆ. ಆದರೆ ಮುಂಜಾನೆಯ ಅರ್ಧ ತಾಸಿನ ಆಸನ, ಆಮೇಲೆ ಎಂಟು ತಾಸು ತಪ್ಪು ಎತ್ತರದ ಮೇಜಿಗೆ ಹೆಗಲೆತ್ತುವುದಕ್ಕೆ ಪರಿಹಾರವಾಗುವುದಿಲ್ಲ. ಜೂನ್ 21ರಂದು ಅಂಗಳದ ತುಂಬ ಚಾಪೆ ಹಾಸಿ ಯೋಗ ದಿನ ಆಚರಿಸುವ ಸಂಸ್ಥೆಗಳು ಜೂನ್ 22ರಂದು ತಮ್ಮ ಗ್ರಂಥಾಲಯದ ಕುರ್ಚಿಗಳನ್ನೂ ಒಮ್ಮೆ ನೋಡಲಿ. ಬೆತ್ತ ಹರಿದದ್ದು ಎಷ್ಟು, ಕಾಲು ಅಲುಗಾಡುವುದು ಎಷ್ಟು, ಸಂಶೋಧಕರ ಕೋಣೆ ಎಂಬುದು ಇದೆಯೇ, ಇದ್ದರೆ ಬೀಗ ಹಾಕಿದೆಯೇ.

ರಾಮಾಜ್ಜಿನಿ ಹೇಳಿದ ಮೂರನೆಯ ಕಾರಣವನ್ನು ಎಲ್ಲರೂ ಮರೆಯುತ್ತಾರೆ. ಮನಸ್ಸಿನ ಒತ್ತಡ ಕುತ್ತಿಗೆಗೆ ಬರುತ್ತದೆ. ಭಯದಲ್ಲಿರುವ ಮನುಷ್ಯನ ಹೆಗಲು ತಾನಾಗಿ ಮೇಲೇರುತ್ತದೆ. ಯುಜಿಸಿಯ 2022ರ ನಿಯಮಗಳು ಪಿಎಚ್‌.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ ಎನ್ನುತ್ತವೆ. ಕೋರ್ಸ್‌ವರ್ಕ್ ಎಷ್ಟು, ಪ್ರವೇಶ ಹೇಗೆ, ಮೌಲ್ಯಮಾಪನ ಯಾರು ಮಾಡಬೇಕು ಎಲ್ಲವೂ ಅದರಲ್ಲಿದೆ. ಆ ಆರು ವರ್ಷ ವಿದ್ಯಾರ್ಥಿ ಎಲ್ಲಿ ಕೂರಬೇಕು ಎಂಬುದಿಲ್ಲ. 2023ರಿಂದ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ ಆಗಿದೆ, ಸಿಕ್ಕವರಿಗೆ ಅದು ದೊಡ್ಡ ಆಸರೆ. ಸಿಗದವರು ಹಗಲು ಅತಿಥಿ ಉಪನ್ಯಾಸಕರಾಗಿ ಎರಡು ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ, ರಾತ್ರಿ ಮನೆಗೆ ಬಂದು ಕೂರುತ್ತಾರೆ. ಹೆಣ್ಣುಮಗಳಾದರೆ ರೊಟ್ಟಿ ಬಡಿದು, ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿದ ಮೇಲೆ. ಅಷ್ಟು ಹೊತ್ತಿಗೆ ಕರೆಂಟು ಇದ್ದರೆ ಉಂಟು. ಮನೆಯಲ್ಲಿ ಒಂದೇ ಮೇಜಿದ್ದರೆ ಅದರ ಮೇಲೆ ಟಿವಿ ಇರುತ್ತದೆ. ಹನ್ನೊಂದಕ್ಕೆ ಮಾರ್ಗದರ್ಶಕರ ಸಂದೇಶ: ನಾಳೆ ಬೆಳಗ್ಗೆ ಅಧ್ಯಾಯ ಕಳಿಸಿ. ಈ ಹೆಣ್ಣುಮಗಳಿಗೆ ‘ಪ್ರತಿ ಅರ್ಧ ತಾಸಿಗೊಮ್ಮೆ ಎದ್ದು ಓಡಾಡಿ’ ಎಂದು ಬುದ್ಧಿ ಹೇಳುವ ಮುನ್ನ ಅವಳಿಗೆ ಓಡಾಡುವಷ್ಟು ಪುರುಸೊತ್ತು ಯಾರು ಕೊಟ್ಟಿದ್ದಾರೆ ಎಂದು ಕೇಳಬೇಕು. ಗಡುವನ್ನು ವಾರಕ್ಕೆ ಮುಂಚೆ ಹೇಳುವ ಮಾರ್ಗದರ್ಶಕರು ವಿದ್ಯಾರ್ಥಿಯ ಬೆನ್ನಿಗೆ ಮಾಡುವಷ್ಟು ಉಪಕಾರವನ್ನು ಯಾವ ಕುರ್ಚಿಯೂ ಮಾಡದು.

ಹಣವಿಲ್ಲ ಎಂಬ ಮಾತು ಕೊನೆಯ ಆಶ್ರಯ. ಬ್ರಿಟನ್ನಿನಲ್ಲಿ 1993ರಿಂದ ಪರದೆ ಮುಂದೆ ದುಡಿಯುವ ನೌಕರರ ಜಾಗವನ್ನು ಪರಿಶೀಲಿಸುವುದು, ನಡುವೆ ಬಿಡುವು ಕೊಡುವುದು, ಕೇಳಿದವರಿಗೆ ಕಣ್ಣು ಪರೀಕ್ಷೆ ಮಾಡಿಸುವುದು ಮಾಲೀಕರ ಕಾನೂನುಬದ್ಧ ಹೊಣೆ. “ಅವರು ಶ್ರೀಮಂತರು” ಎಂದು ಇದನ್ನು ಬದಿಗಿಡಬೇಡಿ. ಪರಿಶೀಲನೆಗೆ ಬೇಕಾದದ್ದು ಒಂದು ಅಳತೆಪಟ್ಟಿ ಮತ್ತು ಒಂದು ಮಧ್ಯಾಹ್ನ. ಬೇರೆ ಕೀಲಿಮಣೆ ಮತ್ತು ಮೌಸ್ ಎರಡೂ ಸೇರಿ ಸಾವಿರ ರೂಪಾಯಿಯೊಳಗೆ ಬರುತ್ತವೆ. ಅವಿದ್ದರೆ ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲಿಟ್ಟು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ, ಒಂದು ಕೈಯಳತೆ ದೂರದಲ್ಲಿ ಇಡಬಹುದು. ಸೊಂಟದ ಹಿಂದೆ ಮಡಚಿದ ಟವೆಲ್ಲು, ಕಾಲಡಿಗೆ ಮಣೆ. ಮೇಜಿನ ಕಾಲನ್ನು ಬೇಕಾದಷ್ಟು ಕೊಯ್ದು ತಗ್ಗಿಸಿ ಕೊಡುವ ಬಡಿಗೇರರು ಯಡೂರಿನಲ್ಲೂ ಇದ್ದಾರೆ, ಮಾಂಜರಿಯಲ್ಲೂ ಇದ್ದಾರೆ. ನಿಂತು ಬರೆಯುವ ಎತ್ತರದ ಮೇಜು ಈಗ ಫ್ಯಾಷನ್ನಾಗಿದೆ. ದಿನವೆಲ್ಲ ನಿಲ್ಲುವುದೂ ಕಾಲಿಗೆ ಕೇಡೇ, ಅದಕ್ಕೆ ಹಣ ಸುರಿಯಬೇಕಾಗಿಲ್ಲ. ನೀರಿನ ತಂಬಿಗೆಯನ್ನು ಕೈಗೆಟುಕದಷ್ಟು ದೂರ ಇಟ್ಟುಕೊಂಡರೆ ಬಾಯಾರಿಕೆಯೇ ಎಬ್ಬಿಸುತ್ತದೆ. ಇಷ್ಟನ್ನೂ ಮಾಡಿದ ಮೇಲೆ ಕೈಕಾಲಿಗೆ ಬಲ ಕುಂದಿದರೆ, ಜೋಮು ಹೋಗದೆ ಉಳಿದರೆ, ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು, ಹೋಗುವುದಕ್ಕೆ ಯಾರ ಅಪ್ಪಣೆಗೂ ಕಾಯಬಾರದು.

ವಿಶ್ವವಿದ್ಯಾಲಯಗಳ ಸಿಂಡಿಕೇಟ್ ಸದಸ್ಯರಲ್ಲಿ ನನ್ನ ಬೇಡಿಕೆ ಇಷ್ಟೇ: ನೋಂದಣಿಯಾದ ಪ್ರತಿ ಸಂಶೋಧನಾ ವಿದ್ಯಾರ್ಥಿಗೂ ಎತ್ತರ ಹೊಂದಿಸಬಹುದಾದ ಒಂದು ಕುರ್ಚಿ, ಅವರ ಮೈಗೆ ಒಗ್ಗುವ ಒಂದು ಮೇಜು, ರಾತ್ರಿಯೂ ತೆರೆದಿರುವ ಒಂದು ಕೋಣೆ. ಕೋರ್ಸ್‌ವರ್ಕ್‌ನಲ್ಲಿ ಸಂಶೋಧನಾ ವಿಧಾನದ ಜೊತೆಗೆ, ಮೈಗೆ ಕೇಡಿಲ್ಲದೆ ಬರೆಯುವುದು ಹೇಗೆ ಎಂದು ಒಬ್ಬ ಫಿಜಿಯೋಥೆರಪಿಸ್ಟರಿಂದ ಒಂದು ದಿನದ ಪಾಠ. ನಮ್ಮೂರ ತಂದೆತಾಯಿಗಳಲ್ಲಿ ಇನ್ನೂ ಚಿಕ್ಕ ಬೇಡಿಕೆ. ನಿಮ್ಮ ಮಗಳು ಕುತ್ತಿಗೆ ಹಿಡಿದುಕೊಂಡು ಎದ್ದು ಬಂದರೆ ‘ನಿನಗ ಏನ್ ತ್ರಾಸ’ ಎನ್ನಬೇಡಿ. ಟಿವಿಯನ್ನು ಗೋಡೆಗೆ ಹಾಕಿಸಿ, ಆ ಮೇಜನ್ನು ಅವಳಿಗೆ ಬಿಟ್ಟುಕೊಡಿ.